ಭಾಲ್ಕಿಯ ಒಲೆಯ ಮುಂದೆ ಕರುಣಾ ಆಡಿದ ಮಾತು

ಬೀದರ, ಜನವಾಡ ರಸ್ತೆ
೧೮ ನವೆಂಬರ್ ೨೦೨೪, ಸೋಮವಾರ

ಮುದ್ದಿನ ಮೊಮ್ಮಗ ಅಶ್ವಜಿತನಿಗೆ ನಿನ್ನ ಅಜ್ಜಿಯ ಜೈ ಭೀಮ್, ಎರಡೂ ಕೆನ್ನೆಗೆ ಒಂದೊಂದು ಮುದ್ದು.

ಮೊದಲು ಮೈಯ ಮಾತು. ಹೇಗಿದ್ದೀ ಮಗಾ? ದೌಂಡಿನಲ್ಲಿ ಚಳಿ ಬಿತ್ತೇ? ರಾತ್ರಿಯೆಲ್ಲ ರೈಲು ಓಡಿಸುವ ಡ್ರೈವರ್ ಸಾಹೇಬರ ಪಕ್ಕದಲ್ಲಿ ಕಣ್ಣು ತೆರೆದು ಕೂತು, ಬೆಳಿಗ್ಗೆ ಬಂದು ಹೊಟ್ಟೆ ತುಂಬ ಉಣ್ಣುತ್ತೀಯೋ, ಇಲ್ಲ ಚಹಾದ ಮೇಲೆ ಚಹಾ ಕುಡಿದು ಹಾಗೇ ಬೀಳುತ್ತೀಯೋ? ಹೋದ ಸಲ ಬಂದಾಗ ನಿನ್ನ ಅಂಗಿಯ ಕಾಲರ್ ಕುತ್ತಿಗೆಯ ಸುತ್ತ ತಿರುಗುತ್ತಿತ್ತು. ನಿನ್ನ ಅವ್ವ ಅದನ್ನು ನೋಡಿಯೂ ಸುಮ್ಮನಿದ್ದಳು. ನನಗೆ ಸುಮ್ಮನಿರಲು ಬರುವುದಿಲ್ಲ. ಇಲ್ಲಿ ನಾವೆಲ್ಲ ಆರಾಮ. ನನ್ನ ಮೊಣಕಾಲು ಮಾತ್ರ ಬೀದರದ ಚಳಿಯ ಜೊತೆ ಜಗಳಕ್ಕೆ ಬಿದ್ದಿದೆ, ದಿನಾ ಬೆಳಿಗ್ಗೆ ಚಳಿಯೇ ಗೆಲ್ಲುತ್ತದೆ. ನಿನ್ನ ಅಪ್ಪ ಧಮ್ಮಪಾಲ ಎಕಂಬಾದ ಹೊಲಕ್ಕೆ ಹೋಗಿ ತೊಗರಿ ನೋಡಿ ಬಂದಿದ್ದಾನೆ. ಕಾಯಿ ಜೋರಾಗಿದೆಯಂತೆ. ಹೊಲದ ಸುದ್ದಿ ಹೇಳುವಾಗ ಅವನ ಮುಖ ನೋಡಬೇಕು, ಕಾಯಿ ಅವನಿಗೇ ಬಿಟ್ಟ ಹಾಗಿರುತ್ತದೆ.

ಫೋನು ಇರುವಾಗ ಪತ್ರ ಯಾಕೆ ಎಂದು ನೀನು ಪ್ರತಿ ಸಲ ಕೇಳುತ್ತೀ. ನಲವತ್ತು ದಾಟಿದ ಮೇಲೆ ರಾತ್ರಿ ಶಾಲೆಗೆ ಹೋಗಿ ಕಲಿತ ಅಕ್ಷರ ಮಗಾ. ನೀನು ಮೂರು ವರ್ಷದವನಿದ್ದಾಗ ಬೆಲ್ಲ ತಿನ್ನುತ್ತಿದ್ದ ಹಾಗೆ ನಾನು ಈಗಲೂ ಅಕ್ಷರ ಬರೆಯುತ್ತೇನೆ, ಸಾಕು ಎಂದು ಅನಿಸುವುದೇ ಇಲ್ಲ. ಅಲ್ಲದೆ ಈ ಸಲದ ಸುದ್ದಿ ದೊಡ್ಡದು. ನಿನ್ನ ಅಕ್ಕ ಕರುಣಾಳ ಭಾಲ್ಕಿಯ ಸಂಬಂಧ ಮುರಿಯುವ ಹಾಗಿದೆ ಎಂದು ನಿನ್ನ ಅಪ್ಪ ನಿನಗೆ ಅರ್ಧ ಕಥೆ ಹೇಳಿ ಫೋನು ಇಟ್ಟನಂತೆ. ಯಾಕೆ ಎಂದು ನೀನು ಕೇಳಿದ್ದಕ್ಕೆ ‘ನಿಮ್ಮ ಅಜ್ಜಿಗಿ ಕೇಳು’ ಎಂದನಂತೆ. ಕೇಳಿದೆಯಲ್ಲ, ಈಗ ಕೂತು ಓದು.

ಸೋಯಾ ರಾಶಿ ಮುಗಿದ ವಾರ ಸಾಖರಪುಡಾದ ನಿಶ್ಚಿತಾರ್ಥಕ್ಕೆ ಮೊದಲು ನಾವು ಭಾಲ್ಕಿಗೆ ಹುಡುಗನ ಮನೆ ನೋಡಲು ಹೋದೆವು. ಹುಡುಗ ಅನೀಲಕುಮಾರ, ಪಶು ಆಸ್ಪತ್ರೆಯಲ್ಲಿ ಕೆಲಸ, ಊರೂರು ತಿರುಗಿ ದನಕ್ಕೆ ಸೂಜಿ ಹಾಕುತ್ತಾನೆ. ಅವನ ಅಪ್ಪ ಮಚ್ಛೇಂದ್ರ, ಮನೆಯ ತುಂಬ ಎಮ್ಮೆ. ಅವ್ವ ಗಯಾಬಾಯಿ, ಮಾತು ಕಡಿಮೆ, ಕೈ ದೊಡ್ಡದು. ಇಂಥಾ ಭೇಟಿಗೆ ಹುಡುಗಿಯನ್ನು ಕರೆದೊಯ್ಯುವ ರೂಢಿ ನಮ್ಮಲ್ಲಿ ಇಲ್ಲ. ಕರುಣಾ ತಾನು ಕಲಿಸುವ ಔರಾದಿನ ಶಾಲೆಗೆ ರಜೆ ಹಾಕಿ ನಮಗಿಂತ ಮೊದಲೇ ಜೀಪಿನಲ್ಲಿ ಹತ್ತಿ ಕೂತಿದ್ದಳು. ‘ನಾನು ಇರೋ ಮನಿ ನಾನು ನೋಡಬ್ಯಾಡೇನು?’ ಎಂದಳು. ನಿನ್ನ ಅಪ್ಪ ಡ್ರೈವರನಿಗೆ ‘ನಡಿ ಮಾರಾಯಾ’ ಎಂದ. ನಿಜ ಹೇಳಬೇಕೆಂದರೆ ಅವಳಿಗೆ ಆ ಹುಡುಗ ಮನಸ್ಸಿಗೆ ಬಂದಿದ್ದಾನೆ. ಎರಡು ಮೂರು ಸಲ ಇಬ್ಬರೂ ಬೀದರದಲ್ಲಿ ಭೇಟಿಯಾಗಿ ಮಾತಾಡಿದ್ದಾರೆ. ಅವನ ಹೆಸರು ಬಂದರೆ ಅವಳ ದನಿ ತೆಳ್ಳಗಾಗುತ್ತದೆ, ನಾಲ್ಕನೇ ತರಗತಿಯ ಮಕ್ಕಳನ್ನು ಗದರಿಸುವ ಅದೇ ದನಿ!

ಭಾಲ್ಕಿಯಲ್ಲಿ ಗಂಡಸರು ಕಟ್ಟೆಯ ಮೇಲೆ ಕೂತರು, ನಾವು ಒಳಗೆ ಹೋದೆವು. ಗಯಾಬಾಯಿ ರೊಟ್ಟಿ ಬಡಿಯುತ್ತಿದ್ದಳು. ನಿನ್ನ ಅಕ್ಕ ಸೆರಗು ಸಿಕ್ಕಿಸಿ ಅವಳ ಪಕ್ಕದಲ್ಲಿ ಕೂತು ಹಿಟ್ಟು ನಾದತೊಡಗಿದಳು. ನನಗೆ ಎಷ್ಟು ಹೆಮ್ಮೆ ಅನಿಸಿತೆಂದರೆ, ಗಯಾಬಾಯಿಯ ನಾದಿನಿಗೆ ಮೊಣಕೈಯಿಂದ ತಿವಿದು ‘ನೋಡ್ರಿ ನಮ್ಮ ಪೋರಿ’ ಎಂದೆ. ತಿವಿದು ಕೈ ತೆಗೆಯುವಷ್ಟರಲ್ಲಿ ಕರುಣಾ ಶುರು ಮಾಡಿದಳು. ‘ಅತ್ತೀ, ಸಾಖರಪುಡಾದ ಮೊದಲ ನಾವಿಬ್ಬರೂ ದವಾಖಾನಿಗಿ ಹೋಗಿ ರಕ್ತಾ ತೋರಿಸ್ಕೊಂಡು ಬರ್ತೇವರಿ. ಎಚ್‌ಐವಿ ಅದು ಇದು ಎಲ್ಲಾ. ಮತ್ತ ಲಗ್ನಾದ ಮ್ಯಾಲ ಎರಡು ವರ್ಷ ಕೂಸು ಬ್ಯಾಡ ಅಂತ ನನ್ನ ಮನಸ್ಸಿನ್ಯಾಗ ಅದ. ಅದಕ್ಕ ಏನು ಬಳಸಬೇಕು ಅಂತ ಡಾಕ್ಟರ್‌ಗ ಇಬ್ಬರೂ ಕೂಡೇ ಕೇಳ್ತೇವಿ. ಏನಂತೀರಿ?’ ಇಷ್ಟನ್ನು ಅವಳು ಕಣ್ಣು ಎತ್ತದೆ, ಹಿಟ್ಟು ತಿರುಗಿಸುತ್ತ, ನಮ್ಮ ಮನೆಯಲ್ಲಿ ನನಗೆ ಹೇಳುವಷ್ಟೇ ಸಲೀಸಾಗಿ ಹೇಳಿದಳು.

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಕಪ್ಪಾಗುತ್ತ ಹೋಯಿತು, ಯಾರೂ ತಿರುವಲಿಲ್ಲ. ಆ ನಾದಿನಿ ನೀರು ತರುವ ನೆವದಲ್ಲಿ ಹೊರಗೆ ಹೋದಳು, ನೀರಿನ ಬದಲು ಮಚ್ಛೇಂದ್ರನ ಕೂಗು ಬಂತು: ‘ನಮ್ಮ ಹುಡುಗನ ಮ್ಯಾಲ ಶಂಕಾ ಏನ್ರಿ? ಅಂವಾ ಅಡಕಿ ಚೂರು ಸುದ್ದಾ ಬಾಯಾಗ ಹಾಕಂಗಿಲ್ಲ!’ ನಿನ್ನ ಅಪ್ಪನಿಗೆ ಏನಾಯಿತೆಂದೇ ತಿಳಿಯದು, ಅಡಿಕೆಯ ಮಾತು ಯಾಕೆ ಬಂತೆಂದು ಅವರಿವರ ಮುಖ ನೋಡುತ್ತಿದ್ದ. ಊಟಕ್ಕೆ ಕೂಡಿಸಿದರು, ಬಡಿಸಿದರು. ‘ಇನ್ನೊಂದು ರೊಟ್ಟಿ ಹಾಕ್ಕೋರಿ’ ಎಂಬ ಮಾತು ಮಾತ್ರ ಯಾರ ಬಾಯಿಂದಲೂ ಬರಲಿಲ್ಲ. ನಮ್ಮ ಕಡೆ ಅದರ ಅರ್ಥ ಏನೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ.

ಬರುವಾಗ ಜೀಪಿನಲ್ಲಿ ನಿನ್ನ ಅಪ್ಪ ನನ್ನ ಮೇಲೆ ಹರಿಹಾಯ್ದ. ‘ಅವ್ವಾ, ಇದು ನಿಂದೇ ಸಾಲಿ. ಒಲಿ ಮುಂದ ಕೂಡಿಸ್ಕೊಂಡು ಏನೇನು ಕಲಿಸಿದ್ದಿ, ಈಗ ಅನುಭೋಗಿಸು.’ ನಿನ್ನ ಅವ್ವ ಮಹಾಮಾಯಾ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಮೆಲ್ಲಗೆ ಅಂದಳು: ‘ಪೋರಿ ತಪ್ಪೇನು ಅಂದಿಲ್ಲರಿ. ಜಾಗಾ ತಪ್ಪಿ ಅಂದಾಳ.’ ಎಷ್ಟು ಸರಿ ನೋಡು! ಒಲೆಯ ಮುಂದೆ ಕೂತವರು ಎಲ್ಲವನ್ನೂ ಮಾತಾಡುತ್ತಾರೆ ಎಂದೇ ಕರುಣಾ ತಿಳಿದಿದ್ದಳು. ಬೇರೆಯವರ ಮನೆಯಲ್ಲಿ ಒಲೆಯ ಮುಂದೆ ಬರೀ ರೊಟ್ಟಿ ಮಾಡುತ್ತಾರೆ ಎಂಬುದು ಇಪ್ಪತ್ತಾರು ವರ್ಷದಲ್ಲಿ ಅವಳಿಗೆ ಯಾರೂ ಹೇಳಿರಲಿಲ್ಲ.

ಹಾಗೆ ನೋಡಿದರೆ ನಿನ್ನ ಅಪ್ಪ ಹೇಳಿದ್ದೂ ಸುಳ್ಳಲ್ಲ, ಶಾಲೆ ನನ್ನದೇ. ತವರೂರು ಡಾಬಕಾದಲ್ಲಿ ನಾನು ಹುಡುಗಿಯಾಗಿದ್ದಾಗ, ಜೋಳದ ಹೊಲದಲ್ಲಿ ಮೊದಲ ಸಲ ಬಟ್ಟೆಗೆ ರಕ್ತ ಕಂಡು, ಕುಡುಗೋಲು ಎಲ್ಲೋ ತಾಗಿದೆ ಎಂದು ಕಾಲಿಗೆಲ್ಲ ಎಲೆ ಅರೆದು ಹಚ್ಚಿಕೊಂಡು ಕೂತಿದ್ದೆ. ಅವ್ವ ಬಂದು ನೋಡಿದವಳು ‘ಯಾರ ಮುಂದೂ ಅನಬ್ಯಾಡ’ ಎಂದಳು. ಪಾಪ, ಅವಳಿಗೆ ಅವಳ ಅವ್ವ ಕೊಟ್ಟದ್ದೂ ಅಷ್ಟೇ ಬುತ್ತಿ. ಯಾರ ಮುಂದೆ ಹೇಳಬಾರದು ಎನ್ನುವುದು ತಿಳಿಯಿತು, ಆದದ್ದೇನು ಎನ್ನುವುದು ಲಗ್ನವಾಗುವವರೆಗೂ ತಿಳಿಯಲಿಲ್ಲ. ನನ್ನ ಮನೆಯಲ್ಲಿ ಮಕ್ಕಳು ಕಾಲಿಗೆ ಎಲೆ ಹಚ್ಚಿಕೊಂಡು ಕೂಡಬಾರದು ಎಂದು ಆಗಲೇ ಅಂದುಕೊಂಡೆ. ಆದರೆ ಹೇಳುವುದು ಹೇಗೆ? ಮುಖ ನೋಡಿದರೆ ನನಗೇ ನಾಚಿಕೆ. ರೊಟ್ಟಿ ಮಾಡುವಾಗ ಮಾತ್ರ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಕಣ್ಣು ಹಂಚಿನ ಮೇಲೆ, ಕೈ ಹಿಟ್ಟಿನಲ್ಲಿ, ಎದ್ದು ಓಡಿಹೋಗಲೂ ಆಗದು. ಅದಕ್ಕೆ ಕರುಣಾಳನ್ನು ಅಲ್ಲಿ ಕೂಡಿಸಿದೆ, ಹೇಳಿದೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೆ, ನರ್ಸ್‌ಬಾಯಿಯನ್ನು ಕೇಳಿ ಮರುದಿನದ ರೊಟ್ಟಿಗೆ ಉತ್ತರ ತಂದೆ. ಹುಡುಗನೂ ಮನುಷ್ಯನೇ ಎಂದು ಆಮೇಲೆ ನಿನ್ನನ್ನೂ ಕೂಡಿಸಿದೆ. ಓಣಿಯವರೆಲ್ಲ ‘ಮೊಮ್ಮಗನ್ನ ಸೊಸಿ ಮಾಡ್ಲತ್ತಾಳ’ ಎಂದು ನಕ್ಕರು. ನೀನು ಬಡಿದ ರೊಟ್ಟಿಗೆ ಒಂದು ಕಡೆ ಮೂಲೆ ಇರುತ್ತಿತ್ತು, ಒಂದು ಕಡೆ ತೂತು. ಒಮ್ಮೆ ಕೇಳಿದ್ದೆ, ‘ಅಜ್ಜಿ, ಹುಡುಗಿಯರಿಗಿ ಹಂಗಾಗ್ತದ. ಹುಡುಗರಿಗಿ ಏನೂ ಆಗಂಗಿಲ್ಲೇನು?’ ನನ್ನ ಕೈಯಲ್ಲಿದ್ದ ರೊಟ್ಟಿ ಎರಡು ಹೋಳಾಯಿತು. ಆದರೂ ಹೇಳಿದೆನೋ ಇಲ್ಲವೋ? ರಾತ್ರಿ ಚಡ್ಡಿ ಒದ್ದೆಯಾದರೆ ರೋಗವಲ್ಲ, ಪಾಪವೂ ಅಲ್ಲ, ಬೆಳೆಯುವ ಮೈ ಎಂದೆ. ನೀನು ದೊಡ್ಡ ಉಸಿರು ಬಿಟ್ಟು ಎರಡು ರೊಟ್ಟಿ ಹೆಚ್ಚು ತಿಂದೆ.

ಇರಲಿ. ಭಾಲ್ಕಿಯಿಂದ ಫೋನು ಬಂತು. ‘ಹುಡುಗಿ ಆ ಮಾತು ವಾಪಸ್ ತಗೊಂಡ್ರ ಮುಂದಿನ ಮಾತು, ಇಲ್ಲಂದ್ರ ನಮಸ್ಕಾರ’ ಎಂದು ಮಚ್ಛೇಂದ್ರ ಹೇಳಿದ. ನಿನ್ನ ಅಪ್ಪ ಕರುಣಾಳ ಮುಂದೆ ಕೂತು ಕೈ ಮುಗಿಯುವುದೊಂದು ಬಾಕಿ. ‘ಒಂದು ಮಾತು, ತಪ್ಪಾತು ಅನ್ನು. ಲಗ್ನಾದ ಮ್ಯಾಲ ಗಂಡಗ ಹೇಳ್ಕೋ.’ ಅವಳು ಅಂಗಳದಲ್ಲಿ ನನ್ನ ಪಕ್ಕ ಬಂದು ಕೂತಳು. ಅತ್ತಿದ್ದಳು, ಆದರೆ ದನಿ ಗಟ್ಟಿ ಇತ್ತು. ‘ಅಂವಾ ನನಗ ಬೇಕು ಅಜ್ಜಿ. ಆದ್ರ ಕಣ್ಣು ಮುಚ್ಕೊಂಡು ಬ್ಯಾಡ.’ ಆ ಮಾತು ಕೇಳಿ ನಾನು ಎದ್ದು ಸೀರೆ ಬದಲಿಸಿದೆ. ಮೊಣಕಾಲು ಬೇಡ ಎಂದಿತು, ಅದರ ಮಾತು ಕೇಳಲಿಲ್ಲ. ಮರುದಿನ ಬೆಳಿಗ್ಗೆ ಭಾಲ್ಕಿ ಬಸ್ಸು ಹಿಡಿದೆ, ಒಬ್ಬಳೇ.

ನಾನು ಹೋದ ಹೊತ್ತಿಗೆ ಆ ಮನೆಯ ಅಂಗಳದಲ್ಲಿ ಜಾತ್ರೆ. ಒಂದು ಎಮ್ಮೆ ಬೆದೆಗೆ ಬಂದಿತ್ತು. ಅನೀಲಕುಮಾರ ಮೊಣಕೈವರೆಗೆ ಕೈಗವಸು ಏರಿಸಿ ಗಬ್ಬ ಕಟ್ಟಿಸುವ ಸೂಜಿ ಹಾಕುವ ತಯಾರಿಯಲ್ಲಿದ್ದ. ಸುತ್ತ ಗಂಡಸರು, ಹೆಂಗಸರು, ಶಾಲೆಯ ಚೀಲ ಹೊತ್ತ ಮಕ್ಕಳು, ಬಾಜು ಮನೆಯ ಮುದುಕ. ಮಚ್ಛೇಂದ್ರ ನಡುವೆ ನಿಂತು ಜೋರು ದನಿಯಲ್ಲಿ, ಯಾವ ಎಮ್ಮೆ ಯಾವಾಗ ಬೆದೆಗೆ ಬಂತು, ಯಾವುದು ಕಟ್ಟಿತು, ಯಾವುದು ಕಟ್ಟಲಿಲ್ಲ, ಮುರ್ರಾ ತಳಿಯ ಕೋಣದ್ದು ಹಾಕಬೇಕೋ ಬೇರೆಯದೋ ಎಂದು ಊರಿಗೆಲ್ಲ ಪಾಠ ಹೇಳುತ್ತಿದ್ದ. ನಾನು ಒಂದು ಮೂಲೆಯಲ್ಲಿ ನಿಂತು ಪೂರ್ತಿ ಕೇಳಿದೆ. ಮುಗಿದ ಮೇಲೆ ಅಂದೆ: ‘ಬೀಗರೆ, ಎಮ್ಮಿ ಸಂಸಾರದ ಮಾತು ಇಷ್ಟು ಮಂದ್ಯಾಗ ನಿಂತು ಅಂತೀರಿ, ಹುಡುಗರು ಸುದ್ದಾ ಕೇಳ್ಲತ್ತಾರ. ಬೇಷ್ ಅದ, ಕಲೀಲಿ. ನಮ್ಮ ಹುಡುಗಿ ತನ್ನ ಸಂಸಾರದ ಮಾತು ಅತ್ತಿ ಕಿವ್ಯಾಗ ಅಂದ್ರ ನಿಮ್ಮ ಮರ್ಯಾದಿ ಹ್ಯಾಂಗ ಹೋಯ್ತರಿ?’

ಬಾಜು ಮನೆಯ ಮುದುಕ ಮೊದಲು ನಕ್ಕ. ಹಲ್ಲಿಲ್ಲದ ಬಾಯಿ, ನಗು ಗಾಳಿಯ ಹಾಗೆ ಬಂತು. ಮಚ್ಛೇಂದ್ರನ ಮೀಸೆ ಒಂದು ಸಲ ಮೇಲೆ, ಒಂದು ಸಲ ಕೆಳಗೆ ಹೋಯಿತು; ನಗಬೇಕೋ ಸಿಟ್ಟಾಗಬೇಕೋ ಅದಕ್ಕೇ ತಿಳಿಯದು. ‘ಎಮ್ಮಿ ಬ್ಯಾರೆ, ಮನಶ್ಯಾ ಬ್ಯಾರೆರಿ ಬಾಯಿ’ ಎಂದ. ಆಗ ಅನೀಲಕುಮಾರ ಬಕೇಟಿನಲ್ಲಿ ಕೈ ತೊಳೆಯುತ್ತ, ಅಪ್ಪನ ಕಡೆ ನೋಡದೆ, ಮಾತಾಡಿದ. ‘ಖರೆ ಅದ ಅಪ್ಪಾ, ಬ್ಯಾರೇನೇ. ಕೋಣದ ರಕ್ತಾ ತಪಾಸಣಿ ಆಗದ ಅದರದು ಒಂದು ಹನಿ ನಾವು ತಗೊಳಂಗಿಲ್ಲ. ಮನಶ್ಯಾಗ ಮಾತ್ರ ಕೇಳೋರಿಲ್ಲ. ಕರುಣಾ ಈ ಮಾತು ನನಗ ಮೊದಲೇ ಅಂದಾಳ, ನಾ ಹೂಂ ಅಂದೀನಿ. ನಿಮ್ಮ ಮುಂದ ಅನ್ನೋ ಧೈರ್ಯ ನನಗಿರಲಿಲ್ಲ, ಆಕಿಗಿ ಇತ್ತು. ಅಷ್ಟೇ ಫರಕ್.’ ನೋಡು ಅಶ್ವಜಿತ, ಹುಡುಗ ಅಂದರೆ ಹೀಗಿರಬೇಕು. ಎಮ್ಮೆಯ ವಾಸನೆ ಬಡಿಯುತ್ತಿತ್ತು, ಆದರೂ ಅವನ ತಲೆ ಸವರಿದೆ.

ಗಯಾಬಾಯಿ ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಪರಾತ ಮುಂದೆ ಎಳೆದು ಹಿಟ್ಟು ಸುರಿದಳು, ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡಳು. ‘ಆವತ್ತ ರೊಟ್ಟಿ ಸುಟ್ಟಿದ್ದು ಸಿಟ್ಟಿಗಿ ಅಲ್ಲರಿ ಅಕ್ಕಾ. ಏನು ಹೇಳಬೇಕು ತಿಳೀಲಿಲ್ಲ. ಮೂರು ಕೂಸು ಒಂದರ ಬೆನ್ನಿಗಿ ಒಂದು ಆದವು, ನನಗ ಬೇಕೇನು ಬ್ಯಾಡೇನು ಅಂತ ಯಾರೂ ಕೇಳಿದ್ದಿಲ್ಲ. ಈ ಪೋರಿ ಬಂದು ಏನಂತೀರಿ ಅತ್ತೀ ಅಂದಳು. ನನಗ ಯಾರಾದ್ರೂ ಏನಂತೀ ಅಂದದ್ದು ಅದೇ ಮೊದಲ.’ ಹೇಳುತ್ತ ಹೇಳುತ್ತ ಅವಳ ಕೈ ಜೋರಾಯಿತು, ರೊಟ್ಟಿ ತಾಟಿನಷ್ಟು ಅಗಲವಾಯಿತು. ಹೊರಗೆ ಮಚ್ಛೇಂದ್ರ ಕೆಮ್ಮಿದ. ಬಾಗಿಲ ಹತ್ತಿರವೇ ನಿಂತು ಕೇಳುತ್ತಿದ್ದನೆಂದು ಇಬ್ಬರಿಗೂ ಗೊತ್ತಾಯಿತು, ಇಬ್ಬರೂ ದನಿ ತಗ್ಗಿಸಲಿಲ್ಲ. ಊಟಕ್ಕೆ ಕೂತಾಗ ಅವನೇ ನನ್ನ ತಾಟಿನ ಕಡೆ ಕೈ ಮಾಡಿ ‘ಬಾಯಿಗೋಳಿಗಿ ಇನ್ನೊಂದು ರೊಟ್ಟಿ ಹಾಕ್ರಿ’ ಎಂದ. ಹೊಟ್ಟೆ ತುಂಬಿತ್ತು, ಆದರೂ ಹಾಕಿಸಿಕೊಂಡೆ. ಬೇಡ ಎಂದಿದ್ದರೆ ಸಂಬಂಧ ಹೋಗುತ್ತಿತ್ತು!

ಈಗ ನಗುವ ಭಾಗ ಕೇಳು. ಹೋದ ಗುರುವಾರ ಕರುಣಾ, ಅನೀಲಕುಮಾರ ಇಬ್ಬರೂ ಬೀದರದ ದೊಡ್ಡ ದವಾಖಾನೆಗೆ ಹೋಗುವುದೆಂದು ಆಯಿತು. ಇಬ್ಬರೇ ಹೋಗಿ ಬರುತ್ತಾರೆ ಎಂದು ನಾವು ತಿಳಿದಿದ್ದೆವು. ಮಚ್ಛೇಂದ್ರ ಒಪ್ಪಿದ ಮೇಲೆ ಅರ್ಧ ಒಪ್ಪುವ ಮನುಷ್ಯ ಅಲ್ಲ. ಒಂದು ಟಂಟಂ ಗಾಡಿ ತುಂಬ ಮಂದಿ ಕರೆದುಕೊಂಡು, ಬುತ್ತಿ ಕಟ್ಟಿಸಿಕೊಂಡು, ಹೊಸ ಟೋಪಿ ಹಾಕಿಕೊಂಡು ಇಳಿದ. ಅವರು ಅಷ್ಟು ಮಂದಿ ಬಂದರು ಎಂದು ನಿನ್ನ ಅಪ್ಪ ಓಡಿಹೋಗಿ ನಮ್ಮವರನ್ನೂ ಕರೆತಂದ, ನಾವೇನು ಕಡಿಮೆಯೇ! ಬಾಜು ಮನೆಯ ಖತೀಜಾ ಬೇಗಂ ಕೂಡ ಬುರ್ಖಾ ಹಾಕಿಕೊಂಡು ಬಂದಳು, ‘ಲಗ್ನದ ಬಾರಾತ್ ದವಾಖಾನಿಗಿ ಹೋಗೋದು ನಾ ಎಲ್ಲಿ ನೋಡೀನಿ’ ಎಂದು. ಅಲ್ಲಿಯ ಸಮಾಲೋಚಕಿ ಬಾಯಿ ಬಾಗಿಲು ತೆರೆದು ನಮ್ಮ ದಂಡು ನೋಡಿ ಕನ್ನಡಕ ತೆಗೆದು ಒರೆಸಿಕೊಂಡಳು. ‘ತಪಾಸಣಿ ಯಾರಿಗಿರಿ?’ ಎಂದು ಕೇಳಿದ್ದಕ್ಕೆ ಮಚ್ಛೇಂದ್ರ ‘ಮದಿಮಕ್ಕಳಿಗಿ’ ಎಂದ, ದವಾಖಾನೆಯ ಇನ್ನೊಂದು ತುದಿಗೂ ಕೇಳುವಂತೆ. ಕರುಣಾ ನಾಚಿ ನೆಲ ನೋಡಿದಳು, ಅಂಥಾ ಗಟ್ಟಿಗಿತ್ತಿ! ಸಮಾಲೋಚಕಿ ನಮ್ಮನ್ನೆಲ್ಲ ಬೇವಿನ ಮರದ ಕೆಳಗೆ ಕಳಿಸಿ ಅವರಿಬ್ಬರನ್ನು ಮಾತ್ರ ಒಳಗೆ ಕರೆದಳು. ‘ಒಳಗಿನ ಮಾತು ಒಳಗೇ ಇರ್ತದ, ಅವರು ಹೇಳಿದ್ರಷ್ಟೇ ನಿಮಗ’ ಎಂದಳು. ನನಗೆ ಅವಳು ಬಹಳ ಹಿಡಿಸಿದಳು.

ಹೊರಗೆ ಬಂದಾಗ ಇಬ್ಬರೂ ನಗುತ್ತಿದ್ದರು. ಫಲಿತಾಂಶದ ಚೀಟಿ ಒಬ್ಬರದು ಒಬ್ಬರಿಗೆ ತೋರಿಸಿಕೊಂಡರಂತೆ, ಚಿಂತೆ ಮಾಡುವಂಥದ್ದು ಏನೂ ಇಲ್ಲ ಎಂದು ಅವರೇ ನಮಗೆ ಹೇಳಿದರು. ಎರಡು ವರ್ಷದ ಮಾತನ್ನೂ ಡಾಕ್ಟರಿಗೆ ಕೂಡಿಯೇ ಕೇಳಿದ್ದಾರೆ. ಏನು ಬಳಸುತ್ತಾರೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಹೇಳುವ ಹಾಗೆ ಬೆಳೆಸಿದ್ದೇನೆ, ಅಷ್ಟು ಸಾಕು. ಮಚ್ಛೇಂದ್ರ ಮಾತ್ರ ‘ಇಷ್ಟು ದೂರ ಬಂದೀನಿ, ನಂದೂ ರಕ್ತಾ ನೋಡ್ರಿ’ ಎಂದು ಬೇರೆ ಕೋಣೆಯಲ್ಲಿ ತೋಳು ಚಾಚಿದ. ಸಕ್ಕರೆ ಕಾಯಿಲೆ ಸಿಕ್ಕಿತು! ಸಾಖರಪುಡಾ ಅಂದರೆ ಸಕ್ಕರೆಯ ಪೊಟ್ಟಣ ಕೊಟ್ಟು ಬಾಯಿ ಸಿಹಿ ಮಾಡುವ ದಿನ. ಆ ದಿನ ಬೀಗನಿಗೇ ಸಿಹಿ ಬಂದ್. ಗಯಾಬಾಯಿ ಅಷ್ಟು ನಕ್ಕದ್ದನ್ನು ಅವಳ ಮಕ್ಕಳೂ ನೋಡಿರಲಿಲ್ಲವಂತೆ. ನಿನ್ನ ಅಪ್ಪ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚುತ್ತ ನನ್ನ ಕಿವಿಯಲ್ಲಿ ಹೇಳಿದ: ‘ಅವ್ವಾ, ನಿನ್ನ ಸಾಲಿ ಪಾಸಾತು.’ ಇದನ್ನು ಬರೆದದ್ದು ಅವನಿಗೆ ಹೇಳಬೇಡ.

ಸಾಖರಪುಡಾ ಡಿಸೆಂಬರ್ ಹದಿನೈದು, ರವಿವಾರ, ನಮ್ಮ ವಿಹಾರದ ಪಕ್ಕದ ಸಭಾಂಗಣದಲ್ಲಿ. ಈಗಲೇ ರಜೆ ಕೇಳು. ನಿನ್ನೆ ವಿಹಾರದಲ್ಲಿ ವಂದನೆ ಮುಗಿದ ಮೇಲೆ ಎರಡು ಮನೆಯ ಹೆಂಗಸರು ಬಂದು, ತಮ್ಮ ಹುಡುಗಿಯರನ್ನು ಸಂಜೆ ನಮ್ಮಲ್ಲಿ ರೊಟ್ಟಿ ಕಲಿಯಲು ಕಳಿಸಲೇ ಎಂದು ಕೇಳಿದರು. ಆ ಹುಡುಗಿಯರಿಗೆ ರೊಟ್ಟಿ ಬರುತ್ತದೆ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ಕಳಿಸಿರಿ ಎಂದೆ, ಹುಡುಗರನ್ನೂ ಕಳಿಸಿರಿ ಎಂದೆ.

ಅವ್ವ ಅಪ್ಪನ ಆಶೀರ್ವಾದ, ಅಕ್ಕನ ಪ್ರೀತಿ, ಖತೀಜಾ ಬೇಗಂಳ ದುವಾ, ಇನ್ನೂ ಅಧಿಕೃತವಾಗದ ಭಾವನ ನಮಸ್ಕಾರ, ಎಲ್ಲವನ್ನೂ ಈ ಒಂದೇ ಲಕೋಟೆಯಲ್ಲಿ ತುಂಬಿದ್ದೇನೆ. ನಿನ್ನ ಗಾಡಿಗೆ ಯಾವಾಗಲೂ ಹಸಿರು ದೀಪ ಸಿಗಲಿ. ಸುಖವಾಗಿರು, ಶೀಲವಂತನಾಗಿರು, ಹೊಟ್ಟೆ ತುಂಬ ಉಣ್ಣು.

ನಮೋ ಬುದ್ಧಾಯ.

ನಿನ್ನ ಅಜ್ಜಿ,
ಅಂಜನಾಬಾಯಿ

ತಾ.ಕ.: ಪೇಟೆಗೆ ಹೊರಟ ಖತೀಜಾ ಬೇಗಂ ಇದನ್ನು ಡಬ್ಬಿಗೆ ಹಾಕುತ್ತೇನೆಂದು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬೇಗ ಬರೆಯುತ್ತಿದ್ದೇನೆ. ಮೊನ್ನೆ ಫೋನಿನಲ್ಲಿ ನಿನ್ನ ಗೆಳೆಯನೊಬ್ಬನಿಗೆ ಮೂತ್ರ ಮಾಡುವಾಗ ಉರಿಯುತ್ತದೆ, ಏನು ಮಾಡಬೇಕು ಎಂದು ಕೇಳಿದೆಯಲ್ಲ. ಫೋನು ಸ್ಪೀಕರಿನ ಮೇಲಿತ್ತು, ನಿನ್ನ ಅಪ್ಪ ಪಕ್ಕದಲ್ಲೇ ಇದ್ದ, ಅದಕ್ಕೆ ನೀರು ಹೆಚ್ಚು ಕುಡಿಯಲು ಹೇಳು ಎಂದು ಮುಗಿಸಿದೆ. ಅದು ಅರ್ಧ ಉತ್ತರ. ಬರೀ ಉಷ್ಣ ಇರಬಹುದು, ಬೇರೆ ಏನಾದರೂ ಇರಬಹುದು, ನೋಡದೆ ಹೇಳುವ ವಿದ್ಯೆ ನನಗಿಲ್ಲ. ಗೆಳೆಯನಿಗೆ ಹೇಳು: ಈ ವಾರವೇ ದವಾಖಾನೆಗೆ ಹೋಗಲಿ, ಮೆಡಿಕಲ್ ಅಂಗಡಿಯವನು ಕೊಟ್ಟ ಗುಳಿಗೆ ನುಂಗಿ ಕೂಡಬಾರದು. ಅವನಿಗೆ ಒಬ್ಬ ಹುಡುಗಿ ಇದ್ದರೆ ಅವಳನ್ನೂ ಕರೆದೊಯ್ಯಲಿ, ಔಷಧ ಇಬ್ಬರಿಗೂ ಬೇಕಾಗಬಹುದು, ಡಾಕ್ಟರ್ ಸರಿಹೋಯಿತು ಎನ್ನುವವರೆಗೆ ಇಬ್ಬರೂ ದೂರವಿರಲಿ. ಆಮೇಲೆ ನಿರೋಧ್ ಮರೆಯದಿರಲಿ. ಇದರಲ್ಲಿ ನಾಚಿಕೆ ಏನೂ ಇಲ್ಲ, ಬಾಯಿ ಬಿಟ್ಟು ಕೇಳಿದ್ದಕ್ಕೆ ಅಜ್ಜಿಗೆ ಅವನ ಮೇಲೆ ಬಹಳ ಪ್ರೀತಿ ಬಂದಿದೆ ಎಂದು ಹೇಳು. ಮತ್ತೆ ಆ ಹುಡುಗಿಯ ಹೆಸರೇನು, ಎಲ್ಲಿಯವಳು, ಜೋಳದ ರೊಟ್ಟಿ ತಿನ್ನುತ್ತಾಳೋ ಎಂದು ಗೆಳೆಯನನ್ನು ಕೇಳಿ ಬರೆ. ಡಿಸೆಂಬರ್ ಹದಿನೈದಕ್ಕೆ ನಿನ್ನ ಗೆಳೆಯ ಅವಳನ್ನು ಕರೆತಂದರೆ ಅಜ್ಜಿ ಬೇಡ ಎನ್ನುವುದಿಲ್ಲ.